ಕಾರಿನ ಕೀಗೆ ಸೆಲ್ ಹಾಕಿಸುವ ಮುಂಚೆ ಇದನ್ನು ಓದಿ

ಕಾರಿನ ರಿಮೋಟ್ ಕೀಯನ್ನು ಸೆಲ್ ಹಾಕಿಸಲು ಸಿಕ್ಕ ಅಂಗಡಿಗೆ ಕೊಡುವವರಿದ್ದರೆ ಒಂದು ನಿಮಿಷ ನಿಲ್ಲಿ. ಸೆಲ್ಲಿನ ಬೆಲೆ ನೂರು ರೂಪಾಯಿ ಒಳಗೇ. ಆದರೆ ಕೀ ಬಿಚ್ಚುವಾಗ ಒಳಗಿನ ಒಂದು ಸಣ್ಣ ಚೂರು ಬಿದ್ದುಹೋದರೆ ಖರ್ಚು ಸಾವಿರದ ಲೆಕ್ಕಕ್ಕೆ ಹೋಗುತ್ತದೆ. ನಮಗೆ ಆಗಿದ್ದು ಅದೇ.

ನಮ್ಮ ಮನೆ ಹೊಸನಗರದ ಹತ್ತಿರ. ಅಂಗಳದ ಆ ತುದಿಯಿಂದ ಒತ್ತಿದರೂ ತೆರೆಯುತ್ತಿದ್ದ ಕಾರು, ಬಾಗಿಲ ಪಕ್ಕ ನಿಂತು ಒತ್ತಿದರೆ ಮಾತ್ರ ತೆರೆಯಲು ಶುರು ಮಾಡಿತ್ತು. ಸೆಲ್ ಮುಗಿಯುತ್ತಾ ಬಂದಿದೆ ಎನ್ನುವುದಕ್ಕೆ ಇದೇ ಗುರುತು. ಬೇರೆ ಕೆಲಸಕ್ಕೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೊರಟಿದ್ದೆ, ಕೀಯನ್ನೂ ಜೇಬಿಗೆ ಹಾಕಿಕೊಂಡೆ. ಕಾರು ಮನೆಯಲ್ಲೇ ಇತ್ತು.

ಪೇಟೆಯ ಅಂಗಡಿಯವನು ದಪ್ಪ ಸ್ಕ್ರೂಡ್ರೈವರನ್ನು ಕೀ ಸಂದಿಗೆ ತೂರಿಸಿ ಚಟ್ ಅಂತ ಬಿಚ್ಚಿದ. ಒಳಗಿದ್ದದ್ದೆಲ್ಲ ಮೇಜಿನ ಮೇಲೆ ಚೆಲ್ಲಿತು. ಬಟನ್ನಿನ ರಬ್ಬರು, ಬೋರ್ಡು ಎತ್ತಿ ಜೋಡಿಸಿದ. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಸೆಲ್ಲುಗಳಲ್ಲಿ ಒಂದನ್ನು ಹೆಕ್ಕಿ ಹಾಕಿದ. ಬಟನ್ ಒತ್ತಿ ಕೆಂಪು ಲೈಟ್ ತೋರಿಸಿ, "ಆಯ್ತು ಸಾರ್, ಪಕ್ಕಾ" ಎಂದ. ದುಡ್ಡು ಕೊಟ್ಟು ಬಂದೆ.

ಸಂಜೆ ಮನೆಗೆ ಬಂದು ಒತ್ತಿದರೆ ಬಾಗಿಲು ತೆರೆಯಿತು. ಎಂಜಿನ್ ಮಾತ್ರ ಹತ್ತಲಿಲ್ಲ. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿದುಕೊಳ್ಳುವುದಿಲ್ಲ. ಮೀಟರ್ ಹತ್ತಿರ ಕೀ ಚಿತ್ರದ ದೀಪ ಮಿಣುಕುತ್ತಿತ್ತು. ಊರಿನ ಮೆಕ್ಯಾನಿಕ್ ಬಂದರು. ಬ್ಯಾಟರಿ ನೋಡಿದರು, ಫ್ಯೂಸ್ ನೋಡಿದರು. ಇಲಿ ವೈರ್ ಕಡಿದಿರಬೇಕು ಎಂದು ಬಾನೆಟ್ ಒಳಗೆಲ್ಲ ಟಾರ್ಚ್ ಬಿಟ್ಟರು. ನಮ್ಮ ಕಡೆ ಮೊದಲ ಅನುಮಾನ ಇಲಿ ಮೇಲೇ ಅಲ್ವಾ? ಕೊನೆಗೆ ಮನೆಯವರು ಬೀರುವಿನಿಂದ ಎರಡನೇ ಕೀ ತಂದುಕೊಟ್ಟರು. ಅದನ್ನು ತಿರುಗಿಸಿದ ಕೂಡಲೇ ಗಾಡಿ ಸ್ಟಾರ್ಟ್!

ಆಗುವುದೇನೆಂದರೆ, ಒಂದೇ ಕೀಯೊಳಗೆ ಎರಡು ಬೇರೆ ಬೇರೆ ವ್ಯವಸ್ಥೆ ಇರುತ್ತದೆ. ಬಾಗಿಲು ತೆರೆಯುವ ರಿಮೋಟಿಗೆ ಸೆಲ್ ಬೇಕು. ಎಂಜಿನ್ ಸ್ಟಾರ್ಟ್ ಆಗಲು ಬೇಕಾದ್ದು ಇಮೊಬಿಲೈಸರ್ ಚಿಪ್, ಅಂದರೆ ಬೇರೆ ಕೀಯಿಂದ ಗಾಡಿ ಕದ್ದೊಯ್ಯದಂತೆ ತಡೆಯುವ ಚಿಪ್. ಅದಕ್ಕೆ ಸೆಲ್ಲೇ ಬೇಡ. ಕೀ ತೂರಿಸುವ ಜಾಗದ ಸುತ್ತ ಒಂದು ಕಾಯಿಲ್ ಇರುತ್ತದೆ. ಚಿಪ್‌ಗೆ ಬೇಕಾದ ಅಷ್ಟಿಷ್ಟು ಕರೆಂಟು ಅಲ್ಲಿಂದಲೇ ಸಿಗುತ್ತದೆ. ಚಿಪ್ ತನ್ನ ಕೋಡ್ ಹೇಳುತ್ತದೆ, ಕಾರಿನ ಕಂಪ್ಯೂಟರ್ ಒಪ್ಪಿದರೆ ಎಂಜಿನ್ ಓಡುತ್ತದೆ. ಕೆಲವು ಕೀಗಳಲ್ಲಿ ಈ ಚಿಪ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಇನ್ನು ಕೆಲವದರಲ್ಲಿ ಪ್ಲಾಸ್ಟಿಕ್ ಕವಚದ ಒಂದು ಗೂಡಿನಲ್ಲಿ ಸುಮ್ನೆ ಕೂತಿರುತ್ತದೆ. ಕಪ್ಪಗೆ, ಅಡಿಕೆ ಚೂರಿನಷ್ಟಿರುತ್ತದೆ. ಬಿದ್ದರೆ ಕಸ ಅಂತಲೇ ಅನ್ನಿಸುತ್ತದೆ. ನಮ್ಮದು ಈ ಎರಡನೇ ಜಾತಿಯದು. ಕೆಂಪು ಲೈಟ್ ಬಂತು ಎಂದರೆ ಕೀ ಸರಿಯಿದೆ ಎಂದು ಅರ್ಥವಲ್ಲ. ಅದು ರಿಮೋಟಿನ ಕಥೆ ಮಾತ್ರ.

ಮತ್ತೆ ಆ ಅಂಗಡಿಗೆ ಹೋದರೆ "ಅಂಥದ್ದೇನೂ ಇರ್ಲಿಲ್ಲ ಸಾರ್" ಎಂಬ ಉತ್ತರ. ನೆಲ ಗುಡಿಸಿ ಆಗಿತ್ತು. ಅವನು ಬೇಕಂತ ಮಾಡಿದ್ದಲ್ಲ, ಒಪ್ಪುತ್ತೇನೆ. ಆದರೆ ದಿನಾ ಕೀ ಬಿಚ್ಚುವವನಿಗೆ ಒಳಗೆ ಏನಿದೆ ಎಂದು ಗೊತ್ತಿರಬೇಡವೇ? ಆಮೇಲೆ ಸರ್ವೀಸ್ ಸೆಂಟರಿನ ದಾರಿಯೇ ಗತಿ. ಆರ್‌ಸಿ, ಗುರುತಿನ ಚೀಟಿ, ಇರುವ ಎಲ್ಲ ಕೀ ತನ್ನಿ ಎಂದರು. ಹೊಸ ಚಿಪ್ಪನ್ನು ಕಾರಿನ ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕು, ಹಾಗಾಗಿ ಕಾರೂ ಬರಬೇಕು. ಎರಡನೇ ಕೀ ಇತ್ತು, ಓಡಿಸಿಕೊಂಡು ಹೋದೆ. ಅದೂ ಇಲ್ಲದವರು ಹೊಸನಗರದಿಂದ ಶಿವಮೊಗ್ಗಕ್ಕೆ ಗಾಡಿ ಎಳೆಸಿಕೊಂಡು ಹೋಗುವ ಬಾಡಿಗೆ ಲೆಕ್ಕ ಹಾಕಿ ನೋಡಿ.

ಇಷ್ಟಾಗಿ ಅವನು ಹಾಕಿದ ಸೆಲ್ಲಾದರೂ ಬಾಳಿತಾ? ಇಲ್ಲ. ಡಬ್ಬಿಯಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ಸೆಲ್ಲುಗಳು ಅಲ್ಲೇ ಶಾರ್ಟ್ ಆಗಿ ಅರ್ಧ ಖಾಲಿಯಾಗಿರಬಹುದು. ಪ್ಯಾಕೆಟ್ಟಿನಲ್ಲಿ ಸೀಲ್ ಆಗಿರುವ, ತಾರೀಖು ಇರುವ ಸೆಲ್ಲನ್ನೇ ಕೇಳಿ. ನಂಬರೂ ನೋಡಿ. ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. 2025 ಅಷ್ಟೇ ಅಗಲ, ದಪ್ಪ ಮಾತ್ರ 2.5. "ಅದೂ ನಡೆಯುತ್ತೆ" ಎಂದು ಹಾಕಿದರೆ ಸಡಿಲವಾಗಿ ಕೂತು ಒಂದು ಸಲ ಕೆಲಸ ಮಾಡುತ್ತದೆ, ಒಂದು ಸಲ ಇಲ್ಲ. ಇನ್ನೂ ಕೆಟ್ಟ ಬುದ್ಧಿವಂತಿಕೆ ಎಂದರೆ 2016ರ ಎರಡು ಸೆಲ್ ಒಂದರ ಮೇಲೊಂದು ಇಡುವುದು. ದಪ್ಪ ಸರಿಹೋಗುತ್ತದೆ, ಆದರೆ ವೋಲ್ಟ್ 6 ಆಗುತ್ತದೆ. 3 ವೋಲ್ಟಿನ ಬೋರ್ಡು ಸುಟ್ಟೇ ಹೋಗಬಹುದು.

ನನ್ನ ಕೇಳಿದರೆ ಮನೆಯಲ್ಲೇ ಬಿಚ್ಚಿ. ಹೇಗೆ ಬಿಚ್ಚಬೇಕು ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿದರೆ ಏನು ಉದುರಿದರೂ ಕಾಣುತ್ತದೆ. ಹಳೆ ಸೆಲ್ ತೆಗೆಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ಹೊಡೆಯಿರಿ, ಪ್ಲಸ್ ಗುರುತು ಯಾವ ಕಡೆ ಇತ್ತು ಎಂಬ ಗೊಂದಲ ಇರುವುದಿಲ್ಲ. ಹೊಸದನ್ನು ಅಂಚಿನಲ್ಲಿ ಹಿಡಿದು ಕೂರಿಸಿ. ಕೆಲವು ಕೀಗಳಲ್ಲಿ ಸುತ್ತಲೂ ತೆಳು ರಬ್ಬರ್ ಇರುತ್ತದೆ, ಅದು ಮಡಚಿಕೊಂಡರೆ ನಮ್ಮ ಜುಲೈ ಮಳೆಗೆ ಒಳಗೆಲ್ಲ ಹಸಿರು ಕಿಲುಬು ಹಿಡಿಯುವುದು ಗ್ಯಾರಂಟಿ.

ಹಳೆ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಇದು ತಮಾಷೆಯಲ್ಲ. ಮಗು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಗಂಭೀರವಾಗಿ ಸುಟ್ಟುಹೋಗಬಹುದು. ರಿಮೋಟಿಗೆ ಸಾಲದ ಸೆಲ್ಲಿಗೂ ಅಷ್ಟು ಶಕ್ತಿ ಇರುತ್ತದೆ. ವಾಂತಿ ಮಾಡಿಸಲು ಹೋಗಬಾರದು, ನೇರ ಆಸ್ಪತ್ರೆಗೆ ಓಡಬೇಕು. ನಮ್ಮೂರುಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತಲುಪುವುದರಲ್ಲೇ ಆ ಹೊತ್ತು ಕಳೆದಿರುತ್ತದೆ.

ಇನ್ನು ಗಡಿಬಿಡಿಯೂ ಬೇಡ. ತಿರುಗಿಸುವ ಕೀ ಇರುವ ಕಾರಾದರೆ ಸೆಲ್ ಪೂರ್ತಿ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತದೆ, ಬಾಗಿಲನ್ನು ಅದೇ ಕೀ ತೂರಿಸಿ ಕೈಯಲ್ಲೇ ತೆರೆದರಾಯಿತು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ಕೀಯೊಳಗೆ ಬಾಗಿಲಿಗೆಂದೇ ಒಂದು ಲೋಹದ ಕೀ ಅಡಗಿರುತ್ತದೆ. ಒಳಗೆ ಕೂತು ರಿಮೋಟನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಹೆಚ್ಚಿನ ಕಾರುಗಳು ಹತ್ತುತ್ತವೆ. ಕೆಲವದರಲ್ಲಿ ಹಿಡಿಯುವ ಜಾಗ ಬೇರೆ ಇರುತ್ತದೆ. ನಿಮ್ಮ ಕಾರಿನ ಪುಸ್ತಕದ ಆ ಪುಟವನ್ನು ಈಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹುಲಿಕಲ್ ಘಾಟಿಯಲ್ಲಿ ನಿಂತು ನೆಟ್‌ವರ್ಕ್ ಹುಡುಕುವುದು ತಪ್ಪುತ್ತದೆ.