ರೋಮ್‌ನಲ್ಲಿ ಎಲ್ಲಿ ಉಳಿಯೋದು? ಟ್ರಾಸ್ತೆವೆರೆ, ಪ್ರಾತಿ, ಎಸ್ಕ್ವಿಲಿನೋ ಮೂರೂ ಕಡೆ ಇದ್ದು ನೋಡಿದ ಮೇಲೆ

ರೋಮ್‌ಗೆ ಹೊರಟಿದ್ದೀವಿ, ಎಲ್ಲಿ ಉಳ್ಕೊಳ್ಳೋದು ಅಂತ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಎಸ್ಕ್ವಿಲಿನೋ. ತೆರ್ಮಿನಿ ರೈಲು ನಿಲ್ದಾಣದ ಪಕ್ಕದ ಏರಿಯಾ. ಕೇಳಿದವರ ಮುಖ ಸಪ್ಪೆಯಾಗುತ್ತದೆ. ಯಾಕೆಂದರೆ ಅಷ್ಟರಲ್ಲಿ ಅವರು ಟ್ರಾಸ್ತೆವೆರೆಯ ಫೋಟೋಗಳನ್ನು ನೋಡಿರುತ್ತಾರೆ. ಬಳ್ಳಿ ಹಬ್ಬಿದ ಕಾವಿ ಬಣ್ಣದ ಗೋಡೆ, ಗಲ್ಲಿಯಲ್ಲಿ ಹಾಕಿದ ಟೇಬಲ್ಲು, ಮೇಲೆ ಸಾಲು ದೀಪ. ಅದೇ ಫೋಟೋ ನೋಡಿ ದುಡ್ಡು ಕಟ್ಟಿದವಳು ನಾನೂ.

ನಾವಿರುವುದು ಮ್ಯೂನಿಕ್‌ನಲ್ಲಿ. 2024ರ ಜೂನ್‌ನಲ್ಲಿ ಅತ್ತೆ, ಮಾವ ಬಂದಿದ್ದಾಗ ನಾಲ್ಕು ಜನ ರೋಮ್‌ಗೆ ಹೋದೆವು. ಟ್ರಾಸ್ತೆವೆರೆಯಲ್ಲಿ ನಾಲ್ಕು ರಾತ್ರಿಗೆ ಒಂದು ಫ್ಲ್ಯಾಟ್ ಹಿಡಿದೆವು, ಎರಡೇ ರಾತ್ರಿ ಇದ್ದೆವು. ಉಳಿದ ಎರಡು ರಾತ್ರಿ ವ್ಯಾಟಿಕನ್ ಪಕ್ಕದ ಪ್ರಾತಿಯ ಹೋಟೆಲ್‌ಗೆ ಎತ್ತಂಗಡಿ. ಬಿಟ್ಟುಬಂದ ಎರಡು ರಾತ್ರಿಯ ದುಡ್ಡು ವಾಪಸ್ ಬರಲಿಲ್ಲ. ಮಾರನೇ ವರ್ಷ ಅಕ್ಟೋಬರ್‌ನಲ್ಲಿ ಹಾಸನದಿಂದ ಅಮ್ಮ ಬಂದಳು. ಆಗ ಎಸ್ಕ್ವಿಲಿನೋದಲ್ಲಿ ನಾಲ್ಕು ರಾತ್ರಿ. ಹಾಗಾಗಿ ಮೂರೂ ಕಡೆ ನನ್ನ ಕೈಯಿಂದಲೇ ದುಡ್ಡು ಹೋಗಿದೆ.

ಕೊಲೊಸಿಯಮ್ ಎಷ್ಟು ದೂರ, ವ್ಯಾಟಿಕನ್ ಎಷ್ಟು ದೂರ ಅಂತ ಮ್ಯಾಪ್ ನೋಡಿದರೆ ಗೊತ್ತಾಗುತ್ತದೆ. ಮ್ಯಾಪ್‌ನಲ್ಲಿ ಕಾಣದ್ದು ಬೇರೆ ಇದೆ.

ಟ್ರಾಸ್ತೆವೆರೆ ಟೈಬರ್ ನದಿಯ ಆಚೆ ದಡ. ಫ್ಯುಮಿಚಿನೋ ವಿಮಾನ ನಿಲ್ದಾಣದಿಂದ ಟ್ರಾಸ್ತೆವೆರೆ ಅನ್ನುವ ಹೆಸರಿನ ಸ್ಟೇಷನ್‌ಗೇ ನೇರ ರೈಲಿದೆ, ತಲೆಗೆ 8 ಯೂರೋ. ತೆರ್ಮಿನಿಗೆ ಹೋಗುವ ಎಕ್ಸ್‌ಪ್ರೆಸ್‌ಗೆ 14. ಉಳಿಸಿದೆ ಅಂತ ಬೀಗಿಕೊಂಡೆ. ಆದರೆ ಆ ಸ್ಟೇಷನ್ ಒಂದು ಕಡೆ, ಫೋಟೋದಲ್ಲಿರುವ ಗಲ್ಲಿಗಳು ಇನ್ನೊಂದು ಕಡೆ. ಮಧ್ಯೆ 8ನೇ ನಂಬರ್ ಟ್ರ್ಯಾಮ್ ಹತ್ತಬೇಕು. ಇಳಿದ ಮೇಲೆ ಶುರುವಾಗುತ್ತದೆ ಕಲ್ಲುಹಾಸು. ಹಿಡಿಯಷ್ಟಗಲದ ಕಪ್ಪು ಕಲ್ಲುಗಳು, ಅವುಗಳ ನಡುವೆ ಸಂದು. ಸ್ಯಾಂಪಿಯೆತ್ರೀನಿ ಅಂತ ಹೆಸರು. ನೋಡಲು ಚೆಂದ, ಮೇಲೆ ಚಕ್ರ ಎಳೆದರೆ ಟಪಟಪ ಅಂತ ಇಡೀ ಬೀದಿ ಎದ್ದು ನೋಡುತ್ತದೆ. ಅತ್ತೆಯ ಸೂಟ್‌ಕೇಸ್‌ನ ಒಂದು ಚಕ್ರ ಸಂದಿಗೆ ಸಿಕ್ಕಿಕೊಂಡು ಕಿತ್ತೇ ಹೋಯಿತು. ರಾತ್ರಿ ಹನ್ನೊಂದು ಗಂಟೆ. ಮಾವ ಏನೂ ಮಾತಾಡದೆ ಸೂಟ್‌ಕೇಸನ್ನು ಹೆಗಲಿಗೆ ಹಾಕಿಕೊಂಡು ಸಂತೆಯಿಂದ ಮೂಟೆ ತರುವವರ ಹಾಗೆ ನಡೆದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಫ್ಲ್ಯಾಟ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ ಅಂತ ಮೊದಲೇ ಹಾಕಿದ್ದರು. ಎರಡು ತಾನೇ ಅಂದುಕೊಂಡೆ. ಇಟಲಿಯಲ್ಲೂ ನಮ್ಮ ಹಾಗೆಯೇ ನೆಲಮಹಡಿ ಬಿಟ್ಟು ಎಣಿಸುತ್ತಾರೆ, ಅದು ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ, ಹಳೇ ಕಟ್ಟಡಗಳಲ್ಲಿ ನೆಲಮಹಡಿಗೂ ಮೊದಲನೇ ಮಹಡಿಗೂ ನಡುವೆ ಒಂದು ಅರ್ಧ ಅಂತಸ್ತು ಇರುವುದುಂಟು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೊತೆಗೆ ಒಂದೊಂದು ಮಹಡಿಯೂ ನಮ್ಮ ಹಳ್ಳಿ ತೊಟ್ಟಿಮನೆಗಿಂತ ಎತ್ತರ. ಮಾರನೇ ದಿನ ಕೂತು ಎಣಿಸಿದೆ: 78 ಮೆಟ್ಟಿಲು. ನಡುವೆ ಸವೆದು ತಟ್ಟೆಯ ಹಾಗೆ ಗುಳಿ ಬಿದ್ದ ಕಲ್ಲಿನ ಮೆಟ್ಟಿಲು.

ಅತ್ತೆಗೆ ಮಂಡಿ ನೋವು. ಒಂದು ತಿರುವಿಗೆ ಒಂದು ಸಲ ಕೂತರು. ಮೂರನೇ ಸಲ ಕೂತಾಗ ಕೆಳಗಿನಿಂದಲೇ ಹೇಳಿದರು, "ಮೇಲೆ ಗೊಮ್ಮಟ ನಿಂತಿದ್ದಾನೆ ಅಂತಾದ್ರೂ ಹೇಳಮ್ಮ, ಹತ್ತಿಬಿಡ್ತೀನಿ."

ನಗಬಹುದಿತ್ತು. ಆದರೆ ಇದರ ನಿಜವಾದ ತೊಂದರೆ ಗೊತ್ತಾಗಿದ್ದು ಮರುದಿನ ಮಧ್ಯಾಹ್ನ. ಬೆಳಗ್ಗೆ ಕೊಲೊಸಿಯಮ್, ಅದೇ ಟಿಕೆಟ್‌ನಲ್ಲಿ ಪಕ್ಕದ ಹಳೇ ರೋಮ್‌ನ ಅವಶೇಷ, ಫೋರಮ್ಮು. ಹನ್ನೆರಡೂವರೆಗೆ ಹೊರಗೆ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಅಲ್ಲಿಂದ ಪಿಯಾತ್ಸಾ ವೆನೇತ್ಸಿಯಾ ಅನ್ನುವ ಚೌಕದವರೆಗಿನ ಅಗಲ ರಸ್ತೆಯಲ್ಲಿ ನೆರಳಿಗೆ ಪರದಾಟ. ಅತ್ತೆಗೆ ಬೇಕಿದ್ದದ್ದು ಇಷ್ಟೇ: ಕೈಕಾಲು ತೊಳೆದು, ಸೀರೆ ಬದಲಾಯಿಸಿ, ಒಂದು ಗಂಟೆ ಕಾಲು ಚಾಚುವುದು. ಆದರೆ ಅದಕ್ಕೆ ಟ್ರ್ಯಾಮ್ ಹಿಡಿಯಬೇಕು, ಕಲ್ಲುಹಾಸಿನಲ್ಲಿ ನಡೆಯಬೇಕು, 78 ಹತ್ತಬೇಕು. ಸಂಜೆ ಮತ್ತೆ 78 ಇಳಿಯಬೇಕು. "ಒಂದು ಸಲ ಇಳಿದಾಯ್ತು, ಇನ್ನು ರಾತ್ರಿನೇ ಹತ್ತೋದು" ಅಂದುಬಿಟ್ಟರು. ಮಧ್ಯಾಹ್ನವಿಡೀ ಒಂದು ಚರ್ಚಿನ ಬೆಂಚಿನ ಮೇಲೆ ತೂಕಡಿಸಿದೆವು. ಚರ್ಚು ತಂಪಾಗಿತ್ತು ಅನ್ನುವುದೇ ಪುಣ್ಯ. ಎರಡನೇ ದಿನ ಪ್ರಾತಿಗೆ ಹೊರಡುವವರೆಗೂ ಅವರು ಇಳಿಯಲೇ ಇಲ್ಲ. "ನೀವು ಹೋಗ್ಬನ್ನಿ, ನಾನು ಕಿಟಕಿಯಲ್ಲಿ ನೋಡ್ತೀನಿ." ಕಿಟಕಿಯ ಕೆಳಗಿದ್ದದ್ದು ಒಂದು ಬಾರು. ರಾತ್ರಿ ಎರಡರವರೆಗೂ ಗಲಾಟೆ.

ರೋಮ್‌ನಂಥ ಊರಿನಲ್ಲಿ ಮಧ್ಯಾಹ್ನ ರೂಮಿಗೆ ವಾಪಸ್ ಬರಲು ಆಗಬೇಕು. ನನ್ನ ಹೋಲಿಕೆಯ ಅಳತೆಗೋಲು ಇದೊಂದೇ.

ಟ್ರಾಸ್ತೆವೆರೆಯ ಬಗ್ಗೆ ಒಳ್ಳೇದನ್ನೂ ಹೇಳಬೇಕಲ್ವಾ. ಬೆಳಗ್ಗೆ ಎಂಟಕ್ಕೆ ಸಾಂತಾ ಮರಿಯಾ ಚರ್ಚಿಗೆ ಹೋದರೆ 12ನೇ ಶತಮಾನದ ಚಿನ್ನದ ಮೊಸಾಯಿಕ್, ಅಂದರೆ ಚೂರು ಚೂರು ಜೋಡಿಸಿ ಮಾಡಿದ ಚಿತ್ರ, ಪೂರ್ತಿ ನಿಮ್ಮದೇ. ಗಲ್ಲಿಗಳೂ ಆಗ ಖಾಲಿ, ನೀರು ಹಾಕಿ ತೊಳೆದ ಕಲ್ಲು ಹೊಳೆಯುತ್ತಿರುತ್ತದೆ. ಇಪ್ಪತ್ತೈದರ ವಯಸ್ಸು, ಬೆನ್ನಿಗೊಂದು ಚೀಲ, ರಾತ್ರಿ ನಿದ್ದೆಯ ಹಂಗಿಲ್ಲ ಅನ್ನುವವರಿಗೆ ಅದೇ ಸರಿ.

ಪ್ರಾತಿ ಅಂದರೆ ಹುಲ್ಲುಗಾವಲು. 1870ರ ನಂತರ, ರೋಮ್ ರಾಜಧಾನಿ ಆದ ಮೇಲೆ ಕಟ್ಟಲು ಶುರು ಮಾಡಿದ ಬಡಾವಣೆ. ಅದಕ್ಕೇ ಬೀದಿಗಳು ನೇರ, ಫುಟ್‌ಪಾತ್ ಅಗಲ, ನೆಲ ಸಮ. ಅತ್ತೆ ಲಿಫ್ಟ್ ನೋಡಿ ಕೈಮುಗಿದರು. ವ್ಯಾಟಿಕನ್ ಮ್ಯೂಸಿಯಂಗೆ ನಡೆದೇ ಹೋದೆವು, ಎಂಟು ಗಂಟೆಯ ಟಿಕೆಟ್ಟು, 20 ಯೂರೋ ಜೊತೆಗೆ ಆನ್‌ಲೈನ್ ಬುಕಿಂಗ್‌ಗೆ 5. ಮಧ್ಯಾಹ್ನ ರೂಮಿಗೆ ಬಂದು ಮಲಗಿದೆವು. ಎಲ್ಲ ಸರಿ. ಆದರೆ ಉಳಿದದ್ದೆಲ್ಲ ದೂರ. ಕೊಲೊಸಿಯಮ್ ಕಡೆಗೆ ಹೋಗಬೇಕೆಂದರೆ ಒತ್ತಾವಿಯಾನೋದಲ್ಲಿ ಮೆಟ್ರೋ ಹತ್ತಿ, ತೆರ್ಮಿನಿಯಲ್ಲಿ ಎ ಲೈನ್ ಬಿಟ್ಟು ಬಿ ಲೈನ್ ಹಿಡಿಯಬೇಕಿತ್ತು. ಎರಡು ರೂಮಿಗೆ ರಾತ್ರಿಗೆ 370 ಯೂರೋ ಬಿತ್ತು. ಅದರ ಮೇಲೆ ಊರಿನ ತೆರಿಗೆ ಬೇರೆ. ಮೂರು ಸ್ಟಾರ್ ಹೋಟೆಲ್ ಆದ್ದರಿಂದ ತಲೆಗೆ ರಾತ್ರಿಗೆ 6 ಯೂರೋ. ನಾಲ್ಕು ಜನ, ಎರಡು ರಾತ್ರಿ, 48. ಬುಕ್ ಮಾಡುವಾಗ ಕಂಡ ಬೆಲೆಯಲ್ಲಿ ಇದು ಇರಲಿಲ್ಲ, ಕೌಂಟರ್‌ನಲ್ಲಿ ಕೇಳಿದರು. ಸಂಜೆ ಅಲ್ಲಿ ಆಫೀಸು ಬಿಟ್ಟ ಮೇಲಿನ ಸೌಮ್ಯ ನಿಶ್ಶಬ್ದ. ನಮ್ಮತ್ತೆಗೆ ಹಿಡಿಸಿತು, ನನಗೆ ಜಯನಗರದಲ್ಲಿ ರಜೆ ಕಳೆದ ಹಾಗಾಯಿತು.

ಈಗ ಎಸ್ಕ್ವಿಲಿನೋ.

ಮೊದಲೇ ಹೇಳಿಬಿಡುತ್ತೇನೆ, ಚೆಂದದ ಏರಿಯಾ ಅಲ್ಲ. ಸ್ಟೇಷನ್ ಸುತ್ತ ಕಸ ಇದೆ, ಜೇಬುಗಳ್ಳರಿದ್ದಾರೆ, ರಾತ್ರಿ ಹತ್ತರ ಮೇಲೆ ಕೆಲವು ಬೀದಿಗಳಲ್ಲಿ ಸುಮ್ನೆ ಬೇಗ ಬೇಗ ನಡೆಯಬೇಕು ಅನಿಸುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸಿದವರಿಗೆ ಅದೇನೂ ಹೊಸದಲ್ಲ. ನಾವು ಹಿಡಿದದ್ದು ಮೂಲೆಯಲ್ಲಿ ಎರಡು ಒಲೆ ಇರುವ ಒಂದು ದೊಡ್ಡ ರೂಮು. ಮೂವರಿಗೆ ರಾತ್ರಿಗೆ 135. ಟ್ರಾಸ್ತೆವೆರೆಯಲ್ಲಿ ನಾಲ್ವರಿಗೆ 210 ಕೊಟ್ಟಿದ್ದೆ. ಈ ಸಲ ಬುಕ್ ಮಾಡುವ ಮುಂಚೆ ಲಿಫ್ಟಿನ ಫೋಟೋ ಕಳಿಸಿ ಅಂತ ಕೇಳಿದ್ದೆ. ಪಾಪ, ಕಳಿಸಿದರು.

ಆ ಲಿಫ್ಟೇ ಒಂದು ತಮಾಷೆ. ಹೊರಗೆ ಕಬ್ಬಿಣದ ಜಾಲರಿ ಬಾಗಿಲು, ಒಳಗೆ ಮರದ ಎರಡು ರೆಕ್ಕೆ ಬಾಗಿಲು. ಮೂರನ್ನೂ ಕೈಯಾರೆ ಮುಚ್ಚಿ, ಕಟಕ್ ಅಂತ ಸದ್ದು ಬಂದರೆ ಮಾತ್ರ ಹೊರಡುತ್ತದೆ. ಇಬ್ಬರು ಹಿಡಿಸುತ್ತಾರೆ, ಇಲ್ಲವೇ ಒಬ್ಬರು ಮತ್ತು ಒಂದು ಸೂಟ್‌ಕೇಸ್. ಮೊದಲ ದಿನ ಅಮ್ಮ ಮೇಲೆ ಹೋಗಿ ಇಳಿದವಳು ಬಾಗಿಲು ತೆರೆದೇ ಬಿಟ್ಟಳು. ನಾವಿಬ್ಬರೂ ಕೆಳಗೆ ಬಟನ್ ಒತ್ತುತ್ತಾ ನಿಂತೆವು. ಎರಡನೇ ದಿನಕ್ಕೆ ಅಮ್ಮನೇ ಎಲ್ಲರಿಗೂ "ಬಾಗ್ಲು ಸರಿಯಾಗಿ ಹಾಕ್ರೋ" ಅನ್ನುತ್ತಿದ್ದಳು.

ತೆರ್ಮಿನಿಯಿಂದ ಕೊಲೊಸಿಯಮ್ ಎರಡೇ ಸ್ಟಾಪು. 1.50 ಯೂರೋ, ಬ್ಯಾಂಕ್ ಕಾರ್ಡ್ ತಟ್ಟಿದರೆ ಗೇಟು ತೆರೆಯುತ್ತದೆ. ಕೊಲೊಸಿಯಮ್ ನೋಡಿ ಮಧ್ಯಾಹ್ನ ಒಂದು ಗಂಟೆಗೆ ರೂಮಿನಲ್ಲಿದ್ದೆವು. ಅಮ್ಮ ಅನ್ನ, ಸಾರು ಮಾಡಿ ಮಲಗಿ, ನಾಲ್ಕಕ್ಕೆ ಎದ್ದು, ಕಾಫಿ ಕುಡಿದು, "ಇವತ್ತು ಇನ್ನೇನಿದೆ?" ಅಂದಳು. ಆ ಒಂದು ಮಾತಿಗೆ ನಾನು ಕೊಟ್ಟ ದುಡ್ಡೆಲ್ಲ ವಸೂಲಿ.

ಒಲೆ ಬೇಕಾಗಿದ್ದು ಬಡಿವಾರಕ್ಕಲ್ಲ. ರೋಮ್‌ನ ಹೆಸರಾಂತ ಕಾಚೋ ಎ ಪೆಪೆ ಪಾಸ್ತಾ ಕೇಳಿದರೆ ಬರೀ ಚೀಸ್ ಮತ್ತು ಕರಿಮೆಣಸು. ಆದರೆ ಆ ಪೆಕೊರಿನೋ ಚೀಸ್‌ಗೆ ಹಾಲು ಒಡೆಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಅಮ್ಮನಿಗೆ ಹೇಳದೆ ತಿನ್ನಿಸುವ ಧೈರ್ಯ ನನಗಿಲ್ಲ, ಹೇಳಿದರೆ ಅವಳು ತಿನ್ನುವುದಿಲ್ಲ. ಹೊರಗೆ ಅವಳಿಗೆ ಆಗಿಬಂದದ್ದು ಮರಿನಾರಾ ಪಿಜ್ಜಾ: ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಚೀಸ್ ಇಲ್ಲ. ಉಳಿದ ಹೊತ್ತು ಪಿಯಾತ್ಸಾ ವಿತ್ತೋರಿಯೋ ಹತ್ತಿರದ ಎಸ್ಕ್ವಿಲಿನೋ ಮಾರ್ಕೆಟ್ ಕಾಪಾಡಿತು. ಬೆಂಡೆಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ತೊಗರಿಬೇಳೆ ಎಲ್ಲ ಸಿಕ್ಕಿತು. ಬಾಂಗ್ಲಾದೇಶದ ಅಂಗಡಿಯವನ ಜೊತೆ ಅಮ್ಮ ದೂರದರ್ಶನದ ಹಿಂದಿಯಲ್ಲಿ ಚೌಕಾಸಿ ಮಾಡಿದಳು. ಅವನು ಒಂದು ಹಿಡಿ ಮೆಣಸಿನಕಾಯಿ ಕೊಸರು ಹಾಕಿದ.

ಇನ್ನೊಂದು ಸಂಗತಿಗಂತೂ ನಾನು ತಯಾರಿರಲಿಲ್ಲ. ಸಾಂತಾ ಮರಿಯಾ ಮಜ್ಜೋರೆ ಚರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಅವರ ಸಮಾಧಿ ನೋಡಲು ಜನವೋ ಜನ. 2025ರ ಏಪ್ರಿಲ್‌ನಲ್ಲಿ ಅವರನ್ನು ಮಣ್ಣು ಮಾಡಿದ್ದು ಅಲ್ಲೇ. ನಾವು ಆ ಸಾಲು ಬಿಟ್ಟು ಪಕ್ಕದ ಗಲ್ಲಿಗೆ ನುಗ್ಗಿದೆವು. ಅಲ್ಲಿ ಸಾಂತಾ ಪ್ರಾಸ್ಸೇದೆ ಅನ್ನುವ ಚರ್ಚಿದೆ. ಬಾಗಿಲು ಕಂಡರೆ ಯಾರದೋ ಮನೆಯದು ಅನ್ನಬೇಕು, ಟಿಕೆಟ್ ಇಲ್ಲ. ಒಳಗೆ ಸಾನ್ ಜೆನೋ ಅನ್ನುವ ಪುಟ್ಟ ಗುಡಿ, ಕತ್ತಲೆ. ಪಕ್ಕದ ಡಬ್ಬಿಗೆ ನಾಣ್ಯ ಹಾಕಿದೆ. ಟಪ್ ಅಂತ ದೀಪ ಹತ್ತಿತು. ಗೋಡೆ, ಕಮಾನು, ಚಾವಣಿ ಎಲ್ಲ ಚಿನ್ನ. ಗರ್ಭಗುಡಿಯಲ್ಲಿ ಮಂಗಳಾರತಿ ಎತ್ತಿದಾಗ ಹಿತ್ತಾಳೆ ಪ್ರಭಾವಳಿ ಹೊಳೆಯುತ್ತದಲ್ಲ, ಹಾಗೆ. ಅಮ್ಮನ ಕೈ ತಾನಾಗಿ ಕೆನ್ನೆಗೆ ಹೋಯಿತು. ಒಂದು ಮೂಲೆಯಲ್ಲಿ ಚೌಕಾಕಾರದ ನೀಲಿ ಪ್ರಭಾವಳಿಯ ಹೆಂಗಸಿನ ಚಿತ್ರವಿದೆ. ಅವಳು ಥಿಯೊಡೋರಾ, 9ನೇ ಶತಮಾನದ ಪೋಪ್ ಒಂದನೇ ಪಾಸ್ಕಲ್‌ನ ತಾಯಿ. ಚಿತ್ರ ಮಾಡಿದಾಗ ಬದುಕಿದ್ದಳು ಅನ್ನುವುದಕ್ಕೇ ಆ ಚೌಕ. ಅವಳ ಸಮಾಧಿಗೆಂದೇ ಮಗ ಈ ಗುಡಿ ಕಟ್ಟಿಸಿದ್ದು. ಅಮ್ಮನಿಗೆ ಹೇಳಿದೆ. "ಫೋಟೋ ತೆಗೆದು ನಿಮ್ಮಣ್ಣನಿಗೆ ಕಳ್ಸು" ಅಂದಳು. ಅಷ್ಟರಲ್ಲಿ ದೀಪ ಆರಿತು. ಇನ್ನೊಂದು ನಾಣ್ಯ ಹಾಕಿದೆ.

ನೀರಿಗೆ ದುಡ್ಡು ಕೊಡಬೇಡಿ, ಬೀದಿ ಬೀದಿಗೂ ಕುಡಿಯುವ ನೀರಿನ ನಲ್ಲಿಯಿದೆ. ಸದಾ ಸುರಿಯುತ್ತಿರುತ್ತದೆ. "ಯಾರೂ ನಿಲ್ಸಲ್ವಾ?" ಅಂತ ಅಮ್ಮ ನಾಲ್ಕೂ ದಿನ ಸಂಕಟಪಟ್ಟಳು.

ಎಲ್ಲಿ ಉಳಿದರೂ ಕಾಡುವ ಒಂದು ತೊಡಕಿದೆ, ನಮ್ಮವರಿಗಾಗಿ ಹೇಳುತ್ತೇನೆ. ಕೊಲೊಸಿಯಮ್ ಟಿಕೆಟ್ಟಿನಲ್ಲಿ ಹೆಸರು ಇರುತ್ತದೆ, ಗುರುತಿನ ಚೀಟಿಗೆ ಹೊಂದಬೇಕು. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಫಾರ್ಮು ಖಾಲಿ ಬಿಡಲು ಬಿಡದು. ಎರಡೂ ಕಡೆ ಅದೇ ಹೆಸರು ಹಾಕಿದೆ. ಗೇಟಿನಲ್ಲಿದ್ದ ಹುಡುಗಿ ಎರಡು ಸಲ ಓದಿ ನಕ್ಕು ಒಳಗೆ ಬಿಟ್ಟಳು.

ಮಂಡಿ ನೋವಿನವರು ಜೊತೆಗಿದ್ದರೆ, ಅನ್ನ ಸಾರು ಬೇಕೆನ್ನುವವರಿದ್ದರೆ, ರಾತ್ರಿಗೆ 150ರ ಒಳಗೆ ಮುಗಿಸಬೇಕಿದ್ದರೆ ಎಸ್ಕ್ವಿಲಿನೋ. ವ್ಯಾಟಿಕನ್ ನೋಡುವುದೇ ಮುಖ್ಯ, ಖರ್ಚಿನ ಚಿಂತೆಯಿಲ್ಲ ಅನ್ನುವವರಿಗೆ ಪ್ರಾತಿ. ಟ್ರಾಸ್ತೆವೆರೆಗೆ ಸಂಜೆ ಹೋಗಿಬನ್ನಿ. ತೆರ್ಮಿನಿಯಿಂದ ಎಚ್ ಬಸ್ಸಿದೆ.

ನಾವೂ ಕೊನೆಯ ಸಂಜೆ ಹಾಗೇ ಹೋದೆವು. ಆ ಹಳೇ ಫ್ಲ್ಯಾಟಿನ ಬೀದಿ ಬಾಗಿಲು ತೆರೆದಿತ್ತು. ಅಮ್ಮ ತಲೆ ಒಳಗೆ ಹಾಕಿ ಮೆಟ್ಟಿಲು ನೋಡಿದಳು, ಅಲ್ಲಿಂದಲೇ ಬೀಗಿತ್ತಿಗೆ ವಿಡಿಯೋ ಕಾಲ್ ಮಾಡಿಸಿದಳು. ಊರಲ್ಲಿ ಆಗ ಮಧ್ಯರಾತ್ರಿ ಹತ್ತಿರ. ಅತ್ತೆ ಕಣ್ಣುಜ್ಜಿಕೊಂಡು ಫೋನಿನೊಳಗಿನಿಂದ ಗಲ್ಲಿಯನ್ನೆಲ್ಲ ನೋಡಿದರು.

"ಅಲ್ಲೇ ಎಲ್ಲೋ ನನ್ನ ಸೂಟ್‌ಕೇಸ್ ಚಕ್ರ ಬಿದ್ದಿರ್ಬೇಕು, ಸಿಕ್ರೆ ಎತ್ಕೊಂಡು ಬನ್ನಿ."