ಆರು ಮಂದಿ ನೆಂಟರು, ಪುಣೆಯ ಒಳದಾರಿಗಳು: ಯಾವ ಗಾಡಿ ಹಿಡಿಯಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡ್ರೈವರ್ ಸಮೇತ ಬರುವ ಡೀಸೆಲ್ ಇನ್ನೋವಾ ಕ್ರಿಸ್ಟಾಕ್ಕೆ. ಹುಬ್ಬಳ್ಳಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಅಜ್ಜಿ, ಕಾಕಾ, ಕಾಕು, ಮಕ್ಕಳು ಅಂತ ದಂಡೇ ಪುಣೆಗೆ ಬಂದಿಳಿಯುತ್ತದೆ. ಅವರನ್ನು ಹೈವೇ ಬಿಟ್ಟು ಸಾಸವಡ, ಭೋರ್, ವಾಯಿ ಕಡೆ ಸುತ್ತಿಸಬೇಕೆಂದರೆ ಸಿಗುವುದು ಸಿಎನ್‌ಜಿ ಎರ್ಟಿಗಾ ಟ್ಯಾಕ್ಸಿ, ಇನ್ನೋವಾ ಟ್ಯಾಕ್ಸಿ, ಸೆಲ್ಫ್ ಡ್ರೈವ್ ಗಾಡಿ, ಇಲ್ಲವೆ ಎಸ್‌ಟಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸು. ಎಲ್ಲವನ್ನೂ ಬಳಸಿ ನೋಡಿದ ಮೇಲೆ ಬರೆಯುತ್ತಿರುವುದು ಇದು.

ಏಳು ಸೀಟಿನ ಟ್ಯಾಕ್ಸಿ ಅಂದರೆ ಡ್ರೈವರ್ ಬಿಟ್ಟು ಆರೇ ಮಂದಿ. ಬುಕ್ ಮಾಡುವಾಗ ಇದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಏಳನೆಯವರಿದ್ದರೆ ಎಂಟು ಸೀಟಿನ ಇನ್ನೋವಾ ಕೇಳಿ.

ಇನ್ನು ದರ. ಎರ್ಟಿಗಾಕ್ಕೆ ಕಿಲೋಮೀಟರಿಗೆ 14 ರೂಪಾಯಿಯ ಆಸುಪಾಸು, ಕ್ರಿಸ್ಟಾಕ್ಕೆ 20ರ ಆಸುಪಾಸು. ಕೇಳಿದ ಕೂಡಲೇ ಎಲ್ಲರೂ ಎರ್ಟಿಗಾ ಅನ್ನುತ್ತಾರೆ. ಆದರೆ ಊರಾಚೆಗೆ ಹೋಗುವ ಗಾಡಿಗೆ ಇಲ್ಲಿನ ಟ್ರಾವೆಲ್ಸ್‌ನವರು ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 300 ಕಿ.ಮೀ. ಹಿಡಿದೇ ಬಿಲ್ ಮಾಡುತ್ತಾರೆ. ದಿವೆ ಘಾಟು ಹತ್ತಿ ಸಾಸವಡ, ಜೇಜುರಿ, ಮೋರಗಾಂವ ಮುಗಿಸಿ ವಾಪಸ್ ಬಂದರೂ ಓಡುವುದು 130–140 ಕಿ.ಮೀ. ಮಾತ್ರ. ಕೊಡುವುದು 300ರ ದುಡ್ಡು: ಎರ್ಟಿಗಾಕ್ಕೆ 4,200, ಇನ್ನೋವಾಕ್ಕೆ 6,000. ವ್ಯತ್ಯಾಸ 1,800 ರೂಪಾಯಿ, ಆರು ತಲೆಗೆ ಹಂಚಿದರೆ ತಲಾ 300. ಡ್ರೈವರ್ ಬಾಟಾ, ಟೋಲು, ಪಾರ್ಕಿಂಗು ಎರಡಕ್ಕೂ ಹೆಚ್ಚುಕಮ್ಮಿ ಒಂದೇ.

ಸಾಸವಡ–ಜೇಜುರಿಯಂಥ ಹತ್ತಿರದ ಸುತ್ತಿಗೆ ಕೆಲವರು 12 ತಾಸು, 120 ಕಿ.ಮೀ. ಪ್ಯಾಕೇಜು ಕೊಡುತ್ತಾರೆ. ಒಳ್ಳೆಯದೇ, ಆದರೆ ಅದರ ಮೀಟರು ಗ್ಯಾರೇಜಿಂದ ಗ್ಯಾರೇಜಿಗೆ ಓಡುತ್ತದೆ. ಗಾಡಿ ಪಿಂಪರಿಯದು, ಮನೆ ಕಾತ್ರಜಿನದು ಅಂತಿಟ್ಟುಕೊಳ್ಳಿ. ಹೋಗಿ ಬರುವ 50 ಕಿ.ಮೀ. ನೀವು ಗಾಡಿ ಹತ್ತದೆಯೇ ಖರ್ಚಾಯಿತು. ಮನೆಯ ಹತ್ತಿರದ ಟ್ರಾವೆಲ್ಸ್ ಆದರೆ ಮಾತ್ರ ಪ್ಯಾಕೇಜು ಲಾಭ.

ಈಗ ಎರ್ಟಿಗಾ ಟ್ಯಾಕ್ಸಿಯ ನಿಜವಾದ ತಲೆನೋವಿಗೆ ಬರೋಣ. ಅದು ಗಾಡಿಯ ತಪ್ಪಲ್ಲ, ಗ್ಯಾಸಿನದು. ಇಲ್ಲಿನ ಎರ್ಟಿಗಾ ಟ್ಯಾಕ್ಸಿಗಳಲ್ಲಿ ಬಹುಪಾಲು ಸಿಎನ್‌ಜಿ. ಆ 14 ರೂಪಾಯಿ ದರ ಗಿಟ್ಟುವುದೇ ಅದರಿಂದ. ಸಿಲಿಂಡರು 60 ಲೀಟರಿನದು, ತುಂಬಾ ತುಂಬಿದರೂ ಎಂಟೊಂಬತ್ತು ಕಿಲೋ ಗ್ಯಾಸು. ಕಂಪನಿ ಹೇಳುವ ಮೈಲೇಜು ಕಿಲೋಗೆ 26. ಏಳು ಜನ, ಏಸಿ, ಘಾಟು ಮೂರೂ ಸೇರಿದರೆ 18–20 ಬಂದರೆ ಪುಣ್ಯ. ಅಂದರೆ ಒಂದು ಫುಲ್‌ಗೆ 160 ಕಿ.ಮೀ. ಭೋರಿನಿಂದ ಮಾಂಢರದೇವಿ ಘಾಟು ಹತ್ತಿ ವಾಯಿಗೆ ಇಳಿದು, ಮೇಣವಲಿ ನೋಡಿ, ಲಿಂಬ್ ಗ್ರಾಮದ ಹನ್ನೆರಡು ಕಪಿಲೆಯ (ಎತ್ತು ಕಟ್ಟಿ ನೀರೆತ್ತುವ) ಬಾವಿ ನೋಡಿ ಹೈವೇ ಹಿಡಿದು ವಾಪಸ್ಸಾದರೆ 220 ಕಿ.ಮೀ. ದಾಟುತ್ತದೆ. ನಡುವೆ ಒಂದು ಸಲ ತುಂಬಿಸಲೇಬೇಕು.

ತುಂಬಿಸುವುದೆಂದರೆ ಪೆಟ್ರೋಲಿನ ಹಾಗೆ ಐದು ನಿಮಿಷದ ಕೆಲಸವಲ್ಲ. ಸಂಜೆ ಹೊತ್ತಿಗೆ ರಿಕ್ಷಾ, ಟೆಂಪೋ, ಟ್ಯಾಕ್ಸಿಗಳ ಸಾಲು ರಸ್ತೆವರೆಗೆ ಬಂದಿರುತ್ತದೆ. ಪೈಪ್‌ಲೈನ್ ಮುಟ್ಟದ ಪಂಪಿಗೆ ಗ್ಯಾಸು ಬರುವುದು ಲಾರಿಯ ಮೇಲೆ, ಸಿಲಿಂಡರುಗಳ ಗೊಂಚಲಿನಲ್ಲಿ. ಮುಂದಿನವರಿಗೆಲ್ಲ ಹಾಕಿ ಹಾಕಿ ಒತ್ತಡ ಇಳಿದಿದ್ದರೆ ನಿಮ್ಮ ಸರದಿಗೆ ಎಂಟು ಕಿಲೋ ಬದಲು ಐದೇ ಹತ್ತುತ್ತದೆ, ಇಲ್ಲವೆ ಮುಂದಿನ ಲಾರಿ ಬರುವ ತನಕ ಕೂರಬೇಕು. ಸಿಲಿಂಡರು ಒತ್ತಡ ತಾಳುತ್ತದೆಯೇ ಅಂತ ನೋಡುವ ಹೈಡ್ರೋ ಟೆಸ್ಟು ಮೂರು ವರ್ಷಕ್ಕೊಮ್ಮೆ ಆಗಬೇಕು. ಅದರ ತಾರೀಖಿನ ತಗಡು ಹಳೆಯದಾಗಿದ್ದರೆ ಗ್ಯಾಸು ಹಾಕುವವನು ಮುಲಾಜಿಲ್ಲದೆ ವಾಪಸ್ ಕಳಿಸುತ್ತಾನೆ.

ಇದಕ್ಕಿಂತ ದೊಡ್ಡ ಕಿರಿಕಿರಿ ಬೇರೆ ಇದೆ. ಗ್ಯಾಸು ಹಾಕುವಾಗ ಗಾಡಿಯಲ್ಲಿ ಯಾರೂ ಕೂರುವಂತಿಲ್ಲ. ಸುರಕ್ಷತೆಯ ನಿಯಮ, ಸರಿಯಾದದ್ದೇ. ಆದರೆ ಎರಡನೇ ಸಾಲಿನವರು ಇಳಿದು, ಸೀಟು ಮಡಚಿ, ಮುಂದಕ್ಕೆ ಸರಿಸಿದ ಮೇಲೆಯೇ ಮೂರನೇ ಸಾಲಿನವರು ಸೊಂಟ ಬಗ್ಗಿಸಿ ಹೊರಬರಬೇಕು. ನಿದ್ದೆ ಹೋದ ಮಗುವನ್ನು ಎತ್ತಬೇಕು, ಮೊಣಕಾಲು ನೋವಿನ ಅಜ್ಜಿಯನ್ನು ಹಿಡಿದು ಇಳಿಸಬೇಕು. ಪಂಪಿನ ಆಚೆ ಕೂರಲು ಕಟ್ಟೆಯೂ ಇರುವುದಿಲ್ಲ. ನಾಲ್ಕು ನಿಮಿಷದ ಗ್ಯಾಸಿಗೆ ಅರ್ಧ ತಾಸಿನ ಇಳಿ-ಹತ್ತು.

ಎರ್ಟಿಗಾವನ್ನೇ ಹಿಡಿಯುವುದಾದರೆ ಎರಡು ಮಾತು ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ: ಹಿಂದಿನ ರಾತ್ರಿಯೇ ಗ್ಯಾಸು ಫುಲ್ ಮಾಡಿಸಿ ಬರಬೇಕು, ಗ್ಯಾಸು ಮುಗಿದರೆ ಪೆಟ್ರೋಲಿನ ಮೇಲೆ ಓಡಿಸಬೇಕು. ಎರಡನೆಯದಕ್ಕೆ ಮುನ್ನೂರು ನಾನೂರು ಹೆಚ್ಚು ಕೇಳುತ್ತಾರೆ, ಕೊಟ್ಟುಬಿಡಿ. ಘಾಟಿನಲ್ಲೂ ಅದೇ ವಾಸಿ, ಗ್ಯಾಸಿನ ಮೇಲೆ ಎಂಜಿನ್ನಿನ ಶಕ್ತಿ ಕಡಿಮೆ. ಸಿಲಿಂಡರು ಡಿಕ್ಕಿಯನ್ನು ನುಂಗಿರುವುದರಿಂದ ಬ್ಯಾಗುಗಳಿಗೆ ಮೇಲೆ ಕ್ಯಾರಿಯರ್ ಇದೆಯೇ ಅಂತಲೂ ಕೇಳಿ.

ಏರಿನ ವಿಷಯದಲ್ಲೂ ಇನ್ನೋವಾ ಮುಂದೆ. ಅದರ ಎಂಜಿನ್ನು ತಳ್ಳುವುದು ಹಿಂದಿನ ಗಾಲಿಗಳನ್ನು. ಜನ ತುಂಬಿದಷ್ಟೂ ಹಿಂದಿನ ಗಾಲಿ ನೆಲ ಕಚ್ಚುತ್ತದೆ. ಎರ್ಟಿಗಾದಲ್ಲಿ ಎಳೆಯುವುದು ಮುಂದಿನ ಗಾಲಿ, ಭಾರ ಬೀಳುವುದು ಹಿಂದೆ. ಯವತ ಕಡೆಯಿಂದ ಭುಲೇಶ್ವರದ ಗುಡ್ಡ ಹತ್ತುವ ಕೊನೆಯ ಕಡಿದಾದ ತಿರುವುಗಳಲ್ಲಿ, ಜಲ್ಲಿ ಚೆಲ್ಲಿದ ಕಡೆ ನಿಲ್ಲಿಸಿ ಮತ್ತೆ ಎಬ್ಬಿಸಬೇಕಾಗಿ ಬಂದರೆ ಮುಂದಿನ ಗಾಲಿ ಸುಮ್ಮನೆ ಸುತ್ತುತ್ತದೆ. ಹಿಂದಿನ ಸೀಟಿನವರು ಇಳಿದರೆ ಸಾಕು, ಹತ್ತುತ್ತದೆ. ಮತ್ತೆ ಅದೇ ಇಳಿಸುವ ಕಥೆ.

ಇನ್ನೋವಾದ ದೋಷವೆಂದರೆ ಎತ್ತರ. ಲಾರಿಯ ಹಾಗೆ ಚಾಸಿಯ ಮೇಲೆ ಕೂರಿಸಿದ ಬಾಡಿ, ಆದ್ದರಿಂದ ಹತ್ತುವುದು ವಯಸ್ಸಾದವರಿಗೆ ಕಷ್ಟ. ಎರ್ಟಿಗಾ ಇದರಲ್ಲಿ ಎಷ್ಟೋ ಸುಖ. ಬಚ್ಚಲಲ್ಲಿ ಇಡುವಂಥ ಎಂಟು ಇಂಚಿನ ಪ್ಲಾಸ್ಟಿಕ್ ಸ್ಟೂಲು ಒಂದನ್ನು ಗಾಡಿಯಲ್ಲಿ ಹಾಕಿಕೊಂಡರೆ ಇದು ತೀರಿತು. ಸ್ಟೂಲಿನ ಕಾಲಿಗೆ ರಬ್ಬರ್ ಬುಡ್ಡಿ ಇರುವುದೇ ಬೇಕು, ಇಲ್ಲದಿದ್ದರೆ ಡಾಂಬರಿನ ಮೇಲೆ ಜಾರುತ್ತದೆ.

ಸೀಟು ಹಂಚುವಾಗ ವಾಂತಿಯಾಗುವವರನ್ನು ಮೂರನೇ ಸಾಲಿಗೆ ಕಳಿಸಬೇಡಿ. ಯಾವ ಗಾಡಿಯಲ್ಲೂ ಅಲ್ಲಿನ ಗಾಜು ಇಳಿಯುವುದಿಲ್ಲ.

ಸೆಲ್ಫ್ ಡ್ರೈವ್ ಎಲ್ಲಕ್ಕಿಂತ ಅಗ್ಗವಾಗಿ ಕಾಣುತ್ತದೆ, ಏಳು ಮಂದಿಯೂ ಹಿಡಿಯುತ್ತಾರೆ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಮಾತ್ರ ತೆಗೆದುಕೊಳ್ಳಿ. ಬಿಳಿ ಪ್ಲೇಟಿನ ಖಾಸಗಿ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ಒಳದಾರಿಯಲ್ಲಿ ಎರಡು ಕಡೆಯೂ ಜಾಲಿ ಮುಳ್ಳು. ಎದುರಿಗೆ ಗಾಡಿ ಬಂದರೆ ಬದಿಗೆ ಸರಿಯಲೇಬೇಕು, ಸರಿದರೆ ಉದ್ದಕ್ಕೆ ಗೀರು, ಡಿಪಾಸಿಟ್ಟಿಗೆ ಕತ್ತರಿ. ಡಾಂಬರಿನ ಅಂಚು ಮಣ್ಣಿಗಿಂತ ನಾಲ್ಕೈದು ಇಂಚು ಎತ್ತರ ಇರುವ ಕಡೆ ಅವಸರದಲ್ಲಿ ಇಳಿಸಿದರೆ ಟಯರಿನ ಪಕ್ಕ ಹರಿಯುತ್ತದೆ. ಗಾಡಿ ಪಡೆಯುವಾಗಲೇ ನಾಲ್ಕೂ ಬದಿಯ ವಿಡಿಯೋ ಮಾಡಿ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜ್ಯಾಕು ಇದೆಯೇ ನೋಡಿ.

ಜೇಜುರಿಗಾದರೆ ಭಂಡಾರದ, ಅಂದರೆ ದೇವರ ಅರಿಶಿನದ ಕಾಟವೂ ಇದೆ. ನಮ್ಮ ಊರಿನ ನೆಂಟರಿಗೆ ಅಲ್ಲಿನ ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ, ಏಳುಕೋಟಿ ಕೂಗುತ್ತ ಮುಷ್ಟಿ ಮುಷ್ಟಿ ಅರಿಶಿನ ಎರಚದೆ ಯಾರೂ ಇಳಿದು ಬರುವುದಿಲ್ಲ. ಸೀಟಿಗೆ ಹಳೆಯ ಚಾದರ ಹಾಸಿ. ಅರಿಶಿನ ಬಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಒಣ ಬ್ರಶ್ಶಿನಿಂದ ಕೊಡವಿ ತೆಗೆಯಿರಿ. ನೀರು ತಾಗಿದರೆ ಕಲೆ ಕೂತೇಬಿಡುತ್ತದೆ.

ಸೆಲ್ಫ್ ಡ್ರೈವ್ ಬೇಡ ಅನ್ನಲು ನನಗಿರುವ ದೊಡ್ಡ ಕಾರಣ ಕಬ್ಬು. ನವೆಂಬರಿನಿಂದ ಮಾರ್ಚಿನವರೆಗೆ ಕಾರ್ಖಾನೆಗಳು ನುರಿಸುವ ಕಾಲ. ಬಾರಾಮತಿ, ಫಲಟಣ, ಸಾತಾರಾ ಕಡೆ ಕತ್ತಲಾದ ಮೇಲೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ಎಷ್ಟೋ ಸಲ ಹಿಂದೆ ದೀಪವಿಲ್ಲದೆ ಹೋಗುತ್ತಿರುತ್ತವೆ. ಸ್ಥಳೀಯ ಡ್ರೈವರ್ ದಾದಾಗಳಿಗೆ ಇದು ದಿನದ ಮಾತು. ಹಿಂದೆ ಕೂತ ನೆಂಟರ ಜೊತೆ ಹರಟುತ್ತ ಸ್ಟಿಯರಿಂಗೂ ಹಿಡಿಯುವುದು ನನ್ನ ಕೈಲಾಗದು.

ಎಸ್‌ಟಿ? ಒಂದೇ ಊರಿಗೆ ಹೋಗಿ ಬರುವುದಾದರೆ ಖಂಡಿತ. ಸ್ವಾರಗೇಟಿನಿಂದ ವಾಯಿಗೆ ಬಸ್ಸು ಸಿಗುತ್ತದೆ, ವಾಯಿಯಿಂದ ಮೇಣವಲಿಯ ನಾನಾ ಫಡಣವೀಸರ ವಾಡೆಗೆ ಮೂರು ಕಿ.ಮೀ. ರಿಕ್ಷಾ. 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೆಟು. ಮಹಾರಾಷ್ಟ್ರದ ವಿಳಾಸ ಇರುವ 75 ದಾಟಿದವರಿಗೆ 2022ರ ಆಗಸ್ಟಿನಿಂದ ಪೂರ್ತಿ ಉಚಿತ. ನಾಲ್ಕು ಜಾಗ ಸುತ್ತಲು ಮಾತ್ರ ಆಗದು.

ಟೆಂಪೋ ಟ್ರಾವೆಲರ್ ಹತ್ತು ಮಂದಿ ಮೀರಿದರೆ ಸರಿ, ಆದರೆ ಲಿಂಬ್‌ನಂಥ ಓಣಿಯಲ್ಲಿ ತಿರುಗಿಸಲು ಒದ್ದಾಟ. ಎರಡು ಸ್ವಂತ ಕಾರು ಅಂದರೆ ಅರ್ಧ ದಿನ ಫೋನಿನಲ್ಲೇ, ‘ಎಲ್ಲಿದ್ದೀರಿ?’

ಯಾವ ಗಾಡಿಯಾದರೂ ತಾರೀಖು ನೋಡಿ. ಜ್ಯೇಷ್ಠದ ಕೊನೆಗೆ, ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ ದಿವೆ ಘಾಟು ಹತ್ತಿ ಸಾಸವಡದಲ್ಲಿ ತಂಗುವ ದಿನಗಳಲ್ಲಿ ಆ ದಾರಿ ಬಂದ್. ಪೌಷದಲ್ಲಿ ಮಾಂಢರದೇವಿ ಜಾತ್ರೆ, ಸೋಮವತಿ ಅಮಾವಾಸ್ಯೆಗೆ ಜೇಜುರಿ ತುಂಬಿ ತುಳುಕುತ್ತದೆ. ಮಳೆಗಾಲದಲ್ಲಿ ವರಂಧಾ ಘಾಟಿನ ಕಡೆ ಹೊರಡುವ ಮುನ್ನ ತೆರೆದಿದೆಯೇ ವಿಚಾರಿಸಿ.

ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟು, ಸುತ್ತು 150 ಕಿ.ಮೀ. ಒಳಗೆ ಅಂದರೆ ಎರ್ಟಿಗಾ ತಗೊಂಡು 1,800 ಉಳಿಸಿ. ಆ ದುಡ್ಡಿಗೆ ಆರು ಜನರ ಊಟವಾಗುತ್ತದೆ. ಅರವತ್ತು ದಾಟಿದವರು ಒಬ್ಬರಿದ್ದರೂ ನಾನು ಇನ್ನೋವಾ ಬಿಡುವುದಿಲ್ಲ. ಬುಕ್ ಮಾಡುವಾಗ ಬರೀ ‘ಇನ್ನೋವಾ’ ಅನ್ನಬೇಡಿ, ಬೇರೆ ಮಾಡೆಲ್ ಬಂದು ನಿಲ್ಲುತ್ತದೆ. ‘ಕ್ರಿಸ್ಟಾ, ಡೀಸೆಲ್, ನಡುವೆ ಬಿಡಿ ಸೀಟಿನ ಏಳು ಸೀಟರ್’ ಅಂತ ಹೇಳಿ, ಹಿಂದಿನ ಸಂಜೆಯೇ ಗಾಡಿಯ ಫೋಟೋ, ನಂಬರು ತರಿಸಿಕೊಳ್ಳಿ.