ತುಟಿ ಗುಳ್ಳೆಗೆ ಅಸೈಕ್ಲೋವಿರ್ ಚಲೋನೋ ವ್ಯಾಲಸೈಕ್ಲೋವಿರ್ ಚಲೋನೋ, ಎರಡೂ ತಗೊಂಡು ನೋಡಿದ್ಮ್ಯಾಲೆ

ಏಪ್ರಿಲ್ ಬಂತಂದ್ರ ನಂಗ ತುಟಿ ಅಂಚಿಗೆ ಗುಳ್ಳೆ ಏಳೋದು ಗ್ಯಾರಂಟಿ, ಕುಷ್ಟಗಿ ಯಲಬುರ್ಗಾ ಕಡೆ ಬೀಜದ ಅಂಗಡಿ ಅಂಗಡಿ ಬೈಕ್ ಮ್ಯಾಲೆ ಸುತ್ತೋ ಕೆಲ್ಸ ನಂದು, ಬಿಸಿಲು ತಪ್ಪಂಗಿಲ್ಲ. ಮನ್ಯಾಗ ಎಲ್ಲಾರೂ ಉಷ್ಣ ಅಂತಾರ. ಆದ್ರ ಇದು ಹರ್ಪಿಸ್ ವೈರಸ್ ರೀ, ಒಮ್ಮೆ ಬಂದ್ರ ನರದಾಗ ಕುಂತುಬಿಡ್ತೈತಿ, ಬಿಸಿಲಿಗೋ ಜ್ವರಕ್ಕೋ ಮತ್ತ ಏಳ್ತೈತಿ, ಯಾವ ಗುಳಿಗಿನೂ ಅದನ್ನ ಪೂರ್ತಿ ತೆಗೆಯಂಗಿಲ್ಲ.

ಮುಲಾಮಿನ ಮಾತು ಬಿಡ್ರಿ, ಬೆವರು ಬಂತು ಚಾ ಕುಡಿದ್ವಿ ಅಂದ್ರ ಅಳಿಸಿ ಹೋಗ್ತೈತಿ.

ಈ ವೈರಸ್ ಬೆಳೆಯೋದನ್ನ ತಡಿಯೋ ಅಸೈಕ್ಲೋವಿರ್ ಗುಳಿಗಿ ಡಾಕ್ಟರ್ ನಂಗ 400 ಎಂಜಿ ದಿನಕ್ಕ 5 ಸಲ, 5 ದಿನ ಬರೆದಿದ್ರು. ಔಷಧ ಭಾರಿ ಐತಿ, ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ಟೀಮ್ ಕಂಡುಹಿಡಿದದ್ದು, ಅವರಿಗೆ 1988ರಾಗ ನೊಬೆಲ್ ಬಂತು. ತೊಂದ್ರಿ ಏನಂದ್ರ ನುಂಗಿದ್ದರಾಗ ನೂರಕ್ಕ 10-20 ಪಾಲು ಅಷ್ಟ ರಕ್ತಕ್ಕ ಸೇರತೈತಿ. ಅದಕ್ಕ ಐದೈದು ಸಲ. ಹಳ್ಯಾಗ ತಿರುಗಾಡೋ ನಂಗ ಮಧ್ಯಾಹ್ನದ್ದು ತಪ್ಪತಿತ್ತು, ಗುಳ್ಳೆ ನೀರು ತುಂಬಿ ಒಡೆದು ಹಳದಿ ಹಕ್ಕಳಿ ಕಟ್ಟತಿತ್ತು, ರೊಟ್ಟಿ ಜೋಡಿ ಕೆಂಪು ಚಟ್ನಿ ತಿನ್ನಾಕ ಆಗ್ತಿರಲಿಲ್ಲ.

ವ್ಯಾಲಸೈಕ್ಲೋವಿರ್ ಅಂದ್ರ ಬ್ಯಾರೆ ಔಷಧ ಅಲ್ಲ. ಅದ ಅಸೈಕ್ಲೋವಿರ್‌ಗೆ ವ್ಯಾಲಿನ್ ಅನ್ನೋ ಅಮೈನೋ ಆಮ್ಲ ಎಸ್ಟರ್ ಅನ್ನೋ ರಾಸಾಯನಿಕ ಬಂಧದಾಗ ಜೋಡ್ಸ್ಯಾರ ಅಷ್ಟ, ನಾವು ತಿನ್ನೋ ಬ್ಯಾಳ್ಯಾಗೂ ಇರೋ ವ್ಯಾಲಿನ್ ಅದು. ಕರುಳಿನ್ಯಾಗ ಪ್ರೋಟೀನಿನ ಸಣ್ಣ ತುಂಡು ಒಳಗ ಎಳ್ಕೊಳ್ಳೋ ಪೆಪ್ಟ್-1 ಅನ್ನೋ ಸಾಗಣೆದಾರ ಐತಲ್ಲ, ಅದು ಇದನ್ನೂ ಎಳ್ಕೊಂತೈತಿ. ಆಮ್ಯಾಲೆ ಕರುಳಿನ ಗೋಡ್ಯಾಗ, ಲಿವರ್‌ನ್ಯಾಗ ಇರೋ ಬಿಪಿಎಚ್‌ಎಲ್ ಅನ್ನೋ ಎಂಜೈಮ್ ಆ ಬಂಧ ಕಡಿತೈತಿ, ಅಮೈನೋ ಆಮ್ಲದ ಎಸ್ಟರ್ ಒಡೆಯೋದರಾಗ ಅದು ಪಕ್ಕಾ, ವ್ಯಾಲಿನ್ ಒಂದು ಕಡೆ ಅಸೈಕ್ಲೋವಿರ್ ಒಂದು ಕಡೆ. ಹಿಂಗಾಗಿ ನೂರಕ್ಕ ಸುಮಾರು 54 ಪಾಲು ಅಸೈಕ್ಲೋವಿರ್ ರಕ್ತಕ್ಕ ಸಿಗ್ತೈತಿ. ನಮ್ಮ ಮೈಯಾಗಿನ ಎಂಜೈಮ್ ಲೆಕ್ಕಕ್ಕ ಇಟ್ಕೊಂಡು ಗುಳಿಗಿ ಮಾಡ್ಯಾರಲ್ಲ, ಅದು ನಂಗ ಭಾಳ ದೊಡ್ಡ ವಿಚಾರ ಅನಿಸ್ತೈತಿ.

ಡೋಸ್ ನೋಡ್ರಿ: 2 ಗ್ರಾಂ, 12 ತಾಸು ಬಿಟ್ಟು ಮತ್ತ 2 ಗ್ರಾಂ, ಮುಗೀತು. ಒಂದೊಂದು ಗುಳಿಗಿ ರೇಟ್ ಹೆಚ್ಚು, ದಪ್ಪನೂ ಐತಿ ನುಂಗಾಕ ತ್ರಾಸು, ಆದ್ರ 1 ಗ್ರಾಂನವು ನಾಕ ಸಾಕು. ತುಟಿ ಚುರುಚುರು ಅಂದ ಕೂಡ್ಲೇ ತಗೊಂಡ್ರ ನಂಗ ಗುಳ್ಳೆ ಸಾಸಿವಿ ಕಾಳಷ್ಟಕ್ಕ ನಿಂತು ಒಣಗತೈತಿ. ಗುಳ್ಳೆ ಎದ್ದ್ಮ್ಯಾಲೆ ತಗೊಂಡ್ರ ಎರಡಕ್ಕೂ ಅಷ್ಟೇನ್ ಫರಕ್ ಕಾಣಲಿಲ್ಲ.

ನನ್ನ ಓಟು ವ್ಯಾಲಸೈಕ್ಲೋವಿರ್‌ಗೆ. ಎರಡೂ ಹೊರಗ ಹೋಗೋದು ಕಿಡ್ನಿಯಿಂದನ, ಅದಕ್ಕ ನೀರು ಚಲೋತ್ನಂಗ ಕುಡೀರಿ, ಕಿಡ್ನಿ ತೊಂದ್ರಿ ಇದ್ದವ್ರಿಗೆ ಡೋಸ್ ಇಳಸಬೇಕಾಗ್ತೈತಿ, ಡಾಕ್ಟರ್ ಕೇಳ್ದ ಮೆಡಿಕಲ್ ಶಾಪಿಗೆ ಹೋಗಬ್ಯಾಡ್ರಿ.